ಪಂಖಾಕ್ಕ ಸಿಕ್ಕ ಚರಗ

ಭಜ್ಜಿ ಅಂದ್ರ ನನಗೀಗ ಹೊಟ್ಟಿ ತೊಳಸ್ತದ. ಆಳಂದ ಕಡೆ ಹುಟ್ಟಿದ ಹೆಣ್ಣುಮಗಳು ಹಿಂಗ ಅನ್ನಬಾರದು, ಗೊತ್ತದ. ಹಸಿಕಡಲಿ, ಅವರಿಕಾಳು, ತೊಗರಿಕಾಳು, ಮೆಂತ್ಯಪಲ್ಯ, ಹುಣಚಿಹಣ್ಣು ಎಲ್ಲಾ ಕೂಡಿಸಿ ಕುದಿಸಿದ ಆ ಗಟ್ಟಿ ಪಲ್ಯದ ಸಲುವಾಗಿ ನಮ್ಮ ಮಂದಿ ವರ್ಷಪೂರ್ತಿ ಎಳ್ಳಮಾಸಿ ಹಬ್ಬದ ದಾರಿ ಕಾಯ್ತಾರ. ನಾನೂ ಕಾಯ್ತಿದ್ದೆ. ಆದರ ಕಾದ ಇಂಜಿನ್ನಿನ ಮ್ಯಾಲೆ ಭಜ್ಜಿ ಸುಟ್ಟು ಕರಕಾದ್ರ ಎಂಥಾ ವಾಸನಿ ಬರ್ತದ ಅಂತ ನಿಮಗ ಗೊತ್ತಿಲ್ಲ. ನನಗ ಗೊತ್ತದ. ಅದನ್ನ ಸ್ಕ್ರೂಡ್ರೈವರ್ ತುದಿಲೆ ಕೆರೆದು ಕೆರೆದು ತಗದಾಕಿ ನಾನು. ಛೀ!

ಆ ವರ್ಷ ನಾ ವಿಮಾನ ಹಾರಿಸೋದು ಕಲಿಯಾಕತ್ತಿದ್ದೆ. ದೊಡ್ಡ ವಿಮಾನ ಅಲ್ಲ. ಮೈಕ್ರೊಲೈಟ್ ಅಂತಾರ, ಎರಡೇ ಸೀಟಿಂದು, ಬಾಜೂಬಾಜೂಕ. ಮ್ಯಾಲೆ ಬಟ್ಟಿ ಹೊಚ್ಚಿದ ರೆಕ್ಕಿ, ಮುಂದ ಬಯಲು, ಬೆನ್ನ ಹಿಂದ ಇಂಜಿನ್, ಇಂಜಿನ್ನಿನ ಹಿಂದ ಗಾಳಿ ನೂಕೋ ಪಂಖಾ. ಜೇವರ್ಗಿ ಕಡೆ ಬಯಲಿನ್ಯಾಗ ಒಬ್ಬಾಂವ ಸಣ್ಣ ಕ್ಲಬ್ಬು ನಡಸ್ತಿದ್ದ. ಆಂವನಿಗೆ ಎಲ್ಲಾರೂ ಉಸ್ತಾದ ಅಂತಿದ್ರು, ನಾನೂ ಹಂಗೇ ಅಂತಿದ್ದೆ. ನಮ್ಮೂರಿಂದ ಕಲಬುರಗಿ, ಕಲಬುರಗಿಯಿಂದ ಜೇವರ್ಗಿ, ಬಸ್ಸಿನ್ಯಾಗ ನಿಂತು ನಿಂತು ಕಾಲು ಮರಗಟ್ಟಿದ ಮ್ಯಾಲೆ ಸೀಟಿನ್ಯಾಗ ಕುಂತು ಹಾರಾಕ ಸಿಗೋದು. ಹಂಗ ಕಲಿತೇನಿ ನಾನು. ಡಾಕ್ಟರು ಕಣ್ಣು ಕಿವಿ ಎದಿ ಎಲ್ಲಾ ನೋಡಿ ಹೂಂ ಅಂದಿದ್ರು. ಗಾಳಿ, ಮಳಿ, ಕಾಯಿದೆ, ಇಂಜಿನ್ ಎಲ್ಲದರ ಮ್ಯಾಲೂ ಬರಿಯೋ ಪರೀಕ್ಷಾ ಮುಗದಿದ್ದವು. ಒಬ್ಬಾಕೇ ಹಾರಿ ಇಳಿದದ್ದೂ ಆಗಿತ್ತು. ಉಳಿದದ್ದು ಒಂದೇ, ಪರೀಕ್ಷಾ ತಗೋಳೋರ ಮುಂದ ಹಾರಿ ತೋರಿಸೋದು. ಅಮಾಸಿ ಆದ ಮ್ಯಾಲೆ ಅವರು ಬರೋರಿದ್ರು. ಅದು ಪಾಸಾದ್ರ ಲೈಸನ್ಸು. ನನ್ನ ಜೀವ ಎಲ್ಲಾ ಅದರ ಮ್ಯಾಲೇ ಇತ್ತು.

ಉಸ್ತಾದ ಕಲಿಸಿದ ಮೊದಲ ಪಾಠ ಹಾರೋದಲ್ಲ. ‘ಜೇಬಿನ ಗುಂಡಿ ಹಾಕು. ಓಢಣಿ ತಗದಿಡು. ಜಡಿ ಅಂಗಿ ಒಳಗ ತುರುಕು’ ಅಂದಿದ್ದ. ಒಂದು ಸಲ ನನ್ನ ತಲಿಯಿಂದ ಒಂದು ಪಿನ್ನು ಸೀಟಿನ ಮ್ಯಾಲೆ ಬಿದ್ದಿತ್ತು. ಆಂವ ಅದನ್ನ ಎತ್ತಿ ನನ್ನ ಮಾರಿ ಮುಂದ ಹಿಡಿದು ಬೈದ ಬೈಗುಳ ಇಲ್ಲಿ ಬರಿಯಾಕ ಬರಂಗಿಲ್ಲ. ‘ಇಲ್ಲಿ ಸಡಲ ಇದ್ದದ್ದೆಲ್ಲಾ ಹಿಂದ ಹೋಗಿ ಪಂಖಾಕ್ಕ ಬೀಳತದ. ಪಂಖಾ ಮುರಿದ್ರ ನೀನೂ ಇಲ್ಲ, ನಾನೂ ಇಲ್ಲ, ತಿಳೀತೇನು?’ ಅಂದ. ಅತ್ತುಬಿಟ್ಟಿದ್ದೆ. ಆದರೂ ಆಂವನ ಮ್ಯಾಲೆ ನನಗ ಮರ್ಯಾದಿ ಹುಟ್ಟಿದ್ದು ಆವತ್ತೇ.

ಇನ್ನ ನಮ್ಮ ದೊಡ್ಡಪ್ಪನ ಕಥಿ. ನಮ್ಮಪ್ಪನ ಅಣ್ಣ, ಮನಿಯಾಗ ಆಂವ ಅಂದದ್ದೇ ಮಾತು. ‘ನಮ್ಮ ಹುಡುಗಿ ವಿಮಾನ ಹಾರಸ್ತಾಳ್ರೀ’ ಅಂತ ಕಂಡಕಂಡವರ ಮುಂದ ಮೀಸಿ ತಿರುವೋ ಸಲುವಾಗೇ ನನಗ ಕಲಿಯಾಕ ಬಿಟ್ಟಾಂವ. ವಿಮಾನದ ಬಗ್ಗೆ ಏನೂ ಗೊತ್ತಿಲ್ಲ, ಮಾತು ಮಾತ್ರ ಆಕಾಶದಾಗ. ನಮ್ಮ ಇಂಜಿನ್ನು ಪೆಟ್ರೋಲಿನ್ಯಾಗ ಆಯಿಲ್ ಬೆರಿಸಿ ಓಡಿಸೋ ಎರಡು ಸಿಲಿಂಡರಿಂದು. ಕಬ್ಬಿನ ಸ್ಪಿರಿಟ್ಟು ಕೂಡಿದ ಪೆಟ್ರೋಲು ಅದಕ್ಕ ಆಗಿಬರಂಗಿಲ್ಲ, ನೀರು ಎಳಕೋತದ, ಕೊಳವಿ ರಬ್ಬರು ಮೆತ್ತಗ ಮಾಡ್ತದ ಅಂತ ಒಮ್ಮೆ ಬಾಯಿ ತಪ್ಪಿ ಹೇಳಿದ್ದೆ. ‘ಭೂಸನೂರ ಸಕ್ಕರಿ ಕಾರ್ಖಾನಿ ಕಡೆ ಹೋಗಿ ಯಾರ ಮುಂದರೆ ಈ ಮಾತು ಆಡಿಗೀಡಿಯ! ಕಬ್ಬು ತಿಂದು ಬೆಳೆದ ಬಾಯಿಲೆ ಕಬ್ಬಿಗೇ ಹೆಸರಿಡ್ತಿಯೇನು?’ ಅಂತ ಹಾರ್ಯಾಡಿದ್ದ. ಇಂಥಾ ದಿಮಾಗಿನಾಂವ.

ಆಂವನ ಹೊಲ ಮೂರು ತಾಲೂಕಿನ್ಯಾಗ ಹಂಚ್ಯಾವ. ಆಳಂದದಾಗ ನಮ್ಮೂರ ಕಬ್ಬು, ಅಫಜಲಪುರದಾಗ ಭೀಮಾ ದಂಡಿ ಮ್ಯಾಲೆ ಒಂದಿಷ್ಟು, ಜೇವರ್ಗಿ ಕಡೆ ತೊಗರಿ. ಎಳ್ಳಮಾಸಿ ದಿನ ಹೊಲಕ್ಕ ಚರಗ ಚೆಲ್ಲಬೇಕಲ್ರೀ. ಮಾಡಿದ ಅಡಿಗಿ ಎಲ್ಲಾ ಬುಟ್ಟ್ಯಾಗ ಕಲಿಸಿ, ‘ಹುಲ್ಲುಲ್ಲಿಗೋ’ ಅಂತ ಕೂಗುತ್ತ ನಾಕೂ ಮೂಲಿಗೆ ಒಬ್ಬರು ಚೆಲ್ಲತಾರ, ಅವರ ಹಿಂದ ಇನ್ನೊಬ್ಬರು ನೀರೋ ಅಂಬಲಿಯೋ ಚಿಮಕಸ್ತಾರ. ಬಸಿರಾದ ಭೂಮಿಗೆ ಉಣಿಸೋ ದಿನ ಅದು. ಅಮಾಸಿ ಒಂದೇ ದಿನ, ಹೊಲ ಮೂರು ಕಡೆ. ಅಫಜಲಪುರದಾಗ ಪಾಲಿನವರು ಚೆಲ್ಲತಿದ್ರು, ಜೇವರ್ಗ್ಯಾಗ ಬೀಗರು. ದೊಡ್ಡಪ್ಪಗ ಅದು ಎದಿಯಾಗ ಮುಳ್ಳು. ಹಿರಿಯನ ಕೈಲೇ ಮೂರೂ ಹೊಲಕ್ಕ ಚರಗ ಬೀಳಬೇಕು ಅಂತ ಜಿದ್ದು.

‘ಈ ಸಲ ಮ್ಯಾಲಿಂದ ಚೆಲ್ಲತೇನಿ,’ ಅಂದ ಒಂದು ದಿನ. ಮುಂಜಾನಿ ಎದ್ದು ಹಾರಿದ್ರ ಮೂರೂ ತಾಲೂಕು ಮುಗಿಸಿ ಊಟಕ್ಕ ಮನಿ ಹೊಲಕ್ಕ ಬರಬಹುದು ಅಂತ. ‘ನೀ ಹಾರಸು, ನಾ ಬಾಜೂಕ ಕುಂತು ಚೆಲ್ಲತೇನಿ.’

ಮೊದಲು ನಗು ಬಂತು. ಆಮ್ಯಾಲೆ ನೋಡಿದ್ರ ಆಂವ ಖರೇ ಅನ್ನಾಕತ್ತಾನ! ‘ದೊಡ್ಡಪ್ಪ, ನಾ ಇನ್ನಾ ಕಲಿಯಾಕತ್ತಾಕಿ. ಲೈಸನ್ಸು ಇಲ್ಲದಾಕಿ ಬಾಜೂಕ ಮಂದೀನ್ನ ಕುಂಡರಿಸಿಕೊಂಡು ಹಾರಂಗಿಲ್ಲ. ಮ್ಯಾಲಿಂದ ಏನೂ ಒಗಿಯಂಗಿಲ್ಲ. ಒಗದದ್ದು ಭೂಮಿಗೆ ಹೋಗಂಗಿಲ್ಲ, ಪಂಖಾಕ್ಕ ಹೋಗ್ತದ,’ ಅಂದೆ.

‘ಹೆದರುಪುಕ್ಕಿ,’ ಅಂದ. ‘ಚರಗಕ್ಕ ಅಡ್ಡ ಬಂದಾಕಿ ನಮ್ಮ ವಂಶದಾಗ ನೀನೇ ಮೊದಲನೇಕಿ.’

ನಾ ಒಲ್ಲೆ ಅಂದಿದ್ದಕ್ಕ ಸೀದಾ ಉಸ್ತಾದನ ಕಡೆ ಹೋದ. ನನಗ ಧೈರ್ಯ ಇತ್ತು, ಪಿನ್ನಿಗೆ ಅಷ್ಟು ಬೈದಾಂವ ಬುಟ್ಟಿ ಭಜ್ಜಿ ಕಂಡ್ರ ಕಪಾಳಕ್ಕೇ ಹೊಡಿತಾನ ಅಂತ. ಏನಂತೀರಿ? ನಮ್ಮೂರ ಬದಿಗೆ ಬೀಳು ಬಿದ್ದ ಹೊಲಕ್ಕ ಮುರುಮ್ ಮಣ್ಣು ಹಾಕಿ ವಿಮಾನ ಇಳಿಯೋ ಪಟ್ಟಿ ಮಾಡಿಕೊಡ್ತೇನಿ, ಕ್ಲಬ್ಬು ಅಲ್ಲಿಗೇ ತಾ ಅಂತ ದೊಡ್ಡಪ್ಪ ಅಂದಿದ್ದೇ ತಡ, ಉಸ್ತಾದ ಹೂಂ ಅಂದುಬಿಟ್ಟ! ‘ಒಂಚೂರು ಕೈ ಹೊರಗ ಹಾಕಿ, ಕೆಳಗ ಬಗ್ಗಿಸಿ ಚೆಲ್ಲಿದ್ರ ಏನೂ ಆಗಂಗಿಲ್ಲ ಬಿಡವಾ,’ ಅಂತ ನನ್ನ ಮಾರಿ ನೋಡಲಾರದೇ ಹೇಳಿದ. ಬೇಲಿನೇ ಎದ್ದು ಹೊಲ ಮೇದಂಗ. ಆ ಮನಿಶ್ಯಾನ ಮ್ಯಾಲಿದ್ದ ಮರ್ಯಾದಿ ಅಲ್ಲೇ ಸುಟ್ಟು ಬೂದಿ ಆತು.

ಅಮಾಸಿ ಮುಂಜಾನಿ ಮನಿಮಂದಿ, ಆಳುಮಂದಿ, ಬೀಗರು ಎಲ್ಲಾರೂ ಹೊಲದಾಗ. ಅವ್ವ ಕಂಬಳಿ ಹಾಸಿ ಬುತ್ತಿ ಬಿಚ್ಚಿಕೋತ ಕುಂತಿದ್ದಳು. ಮುರುಮಿನ ಪಟ್ಟಿ ಮ್ಯಾಲೆ ವಿಮಾನಕ್ಕ ಕುಂಕುಮ, ಭಂಡಾರ. ಹಾರಸಾಕ ಉಸ್ತಾದ ಕುಂತ. ಆಂವನ ಬಾಜೂಕ ದೊಡ್ಡಪ್ಪ ತಲಿಗೆ ಪಟಗಾ ಸುತ್ತಿಕೊಂಡು, ತೊಡಿ ಮ್ಯಾಲೆ ಚರಗದ ಬುಟ್ಟಿ, ಕಾಲಾಗ ಅಂಬಲಿ ತುಂಬಿದ ಹಿತ್ತಾಳಿ ತಂಬಗಿ ಇಟಗೊಂಡು ಏರಿ ಕುಂತ. ಚೆಲ್ಲೋದೂ ಆಂವನೇ, ಚಿಮಕಿಸೋದೂ ಆಂವನೇ. ‘ಪಟಗಾ ತಗೀರಿ’ ಅಂತ ನಾ ಚೀರಿದ್ದು ಇಂಜಿನ್ನಿನ ಸದ್ದಿನ್ಯಾಗ ಯಾರಿಗೂ ಕೇಳಲಿಲ್ಲ. ಕೇಳಿದ್ರೂ ಯಾರು ಕೇಳೋರು!

ಏರಿತು. ಒಂದು ಸುತ್ತು ಹಾಕಿ ನಮ್ಮ ತಲಿ ಮ್ಯಾಲೇ ಬಂತು. ಮಂದಿ ಎಲ್ಲಾ ಚಪ್ಪಾಳಿ ಹೊಡೆದು ‘ಹುಲ್ಲುಲ್ಲಿಗೋ’ ಅಂದ್ರು. ದೊಡ್ಡಪ್ಪನ ಕೈ ಹೊರಗ ಬಂದದ್ದು ಕಾಣಿಸ್ತು. ಮುಂದಿಂದು ಕಾಣಿಸಲಿಲ್ಲ, ಕೇಳಿಸ್ತು. ಮೊದಲು ಠಪ್ ಅಂತ ಒಂದು ಸದ್ದು. ಹಿಂದಿನ ರಾತ್ರಿನೇ ಕುದಿಸಿದ್ದ ಸಜ್ಜಿ ಕಡಬು ಆರಿ ಕಲ್ಲಾಗಿದ್ದವು, ಚರಗದಾಗಿನ ಅವೇ ಪಂಖಾಕ್ಕ ಹೊಡೆದಿದ್ದು. ಆಮ್ಯಾಲೆ ಇಡೀ ವಿಮಾನ ಗಡಗಡ ನಡುಗೋ ಸದ್ದು. ಪಂಖಾದ ಒಂದು ತುದಿ ಹಾರಿತ್ತು. ಉಸ್ತಾದ ಇಂಜಿನ್ ಬಂದ್ ಮಾಡಿದ. ಅಷ್ಟರಾಗ ತಂಬಗಿ ಕೈ ಜಾರಿ ಮ್ಯಾಲಿಂದ ಬಂದು ಅವ್ವ ಕುಂತಿದ್ದ ಕಂಬಳಿ ಅಂಚಿಗೇ ಧಪ್ ಅಂತ ಬಿದ್ದು ನೆಲದಾಗ ಹುಗೀತು. ಒಂದು ಮೊಳ ಈಕಡೆ ಆಗಿದ್ರ ನಾ ಇವತ್ತು ಬ್ಯಾರೇನೇ ಬರಿತಿದ್ದೆ. ಅವ್ವ ಕೈಯಾಗಿನ ರೊಟ್ಟಿ ಹಂಗೇ ಹಿಡಕೊಂಡು ಕುಂತಳು.

ವಿಮಾನ ತೇಲಿಕೋತ ಹೋಗಿ ಬಾಜೂ ಹೊಲದ ಕಡಲಿ ಬೆಳಿಯಾಗ ಇಳಿದು, ಮುಂದಿನ ಗಾಲಿ ಮುರಕೊಂಡು ಮೂಗು ಊರಿ ನಿಂತಿತು. ಓಡಿದ್ವಿ. ಇಬ್ಬರೂ ಜೀವಂತ. ಮಾರಿ ತುಂಬಾ ಅಂಬಲಿ, ಕಿವ್ಯಾಗ ಅವರಿಕಾಳು. ಇಂಜಿನ್ನಿನ ಮ್ಯಾಲೆ ಭಜ್ಜಿ ಚುರ್ ಅಂತ ಸುಡಾಕತ್ತಿತ್ತು. ದೊಡ್ಡಪ್ಪ ಬಾಯಿ ಬಿಟ್ಟು ಅಂದ ಮೊದಲ ಮಾತು ಏನು ಗೊತ್ತೇನ್ರಿ? ‘ಅಫಜಲಪುರದ ಹೊಲ ಉಳೀತಲ್ಲೋ!’

ಥೂ!

ಇಷ್ಟಕ್ಕೇ ಮುಗದಿದ್ರ ನಾ ನಕ್ಕು ಮರೀತಿದ್ದೆ ಏನೋ. ಫೋಟೋ ತಗದ ಮಂದಿ ಫೋನಿನ್ಯಾಗ ಊರೂರಿಗೆ ಕಳಿಸಿದ್ರು. ವಿಚಾರಣಿಗೆ ಅಧಿಕಾರಿಗಳು ಬರ್ತಾರ ಅಂತ ಸುದ್ದಿ ಬಂತು. ಮಧ್ಯಾಹ್ನ ಬನ್ನಿಗಿಡದ ಕೆಳಗ ನನ್ನ ಕರೆದ್ರು. ದೊಡ್ಡಪ್ಪ, ಉಸ್ತಾದ, ಅಪ್ಪ, ಅವ್ವ. ಎಲ್ಲಾರ ಮುಂದೂ ಎಲಿ, ಎಲಿ ಮ್ಯಾಲೆ ಅದೇ ಭಜ್ಜಿ. ಉಣ್ಣಾಕತ್ತಿದ್ರು!

‘ನೀ ಒಬ್ಬಾಕೇ ಹಾರಸಾಕತ್ತಿದ್ದಿ, ಇಂಜಿನ್ ಬಂದ್ ಬಿತ್ತು, ಕಡಲಿ ಹೊಲದಾಗ ಇಳಿಸಿದಿ ಅಂತ ಹೇಳಿಬಿಡು,’ ಅಂದ ದೊಡ್ಡಪ್ಪ. ಹಾವೂ ಸಾಯಬೇಕು, ಕೋಲೂ ಮುರಿಬಾರದು.

‘ಫೋಟೋದಾಗ ಇಬ್ಬರು ಕುಂತದ್ದು ಕಾಣಸ್ತದಲ್ಲ?’

‘ಅಷ್ಟು ಎತ್ತರದಾಗ ಯಾರು ಎಣಸ್ತಾರ.’

‘ಇಂಜಿನ್ ತುಂಬಾ ಭಜ್ಜಿ ಅದ. ಅದು ಎಲ್ಲಿಂದ ಬಂತು ಅಂದ್ರ?’

‘ಬುತ್ತಿ ಕಟಗೊಂಡು ಹೋಗಿದ್ದೆ ಅನ್ನು.’ ಇಷ್ಟಂದು ರೊಟ್ಟಿ ಮುರದ.

ಉಸ್ತಾದನ ಕಡೆ ತಿರುಗಿದೆ. ಆಂವ ಎಲಿ ನೋಡಿಕೋತ ಹೇಳಿದ, ‘ನನ್ನ ಲೈಸನ್ಸು ಹೋದ್ರ ಹೊಟ್ಟಿಪಾಡು ಹೋಗ್ತದವಾ. ನಿನ್ನ ಕಡೆ ಲೈಸನ್ಸೇ ಇಲ್ಲ. ನಿಂದು ಕಸಗೊಳ್ಳಾಕ ಅವರಿಗೆ ಏನದ?’

ಆ ಮಾತು ಕೇಳಿ ನನಗ ಸಿಟ್ಟು ಬರಲಿಲ್ಲ, ಹೇಸಿಗಿ ಬಂತು. ಬಸ್ಸಿನ್ಯಾಗ ನಿಂತದ್ದು, ಪ್ಲಗ್ಗು ತಿಕ್ಕಿ ತಿಕ್ಕಿ ಉಗುರು ಕರ್ರಗಾದದ್ದು, ಆಂವನ ಬೈಗುಳ ಕೇಳಿ ಅತ್ತದ್ದು, ಅದೆಲ್ಲಾ ಏನೂ ಅಲ್ಲಂತ. ಕಾಗದ ಕೈಗೆ ಬಂದಿಲ್ಲ, ಅದಕ್ಕ ನಂದು ಏನೂ ಇಲ್ಲಂತ. ಒಬ್ಬಾಕೇ ಹಾರಿ ವಿಮಾನ ಕೆಡವಿದಾಕಿ ಅನಿಸಿಕೊಂಡ್ರ ನನ್ನ ಪರೀಕ್ಷಾ ತಗೋಳೋರು ಯಾರು?

ಅಪ್ಪ ಅಣ್ಣನ ಎಲಿಗೆ ಇನ್ನೊಂದು ರೊಟ್ಟಿ ಹಾಕಿದ. ಅಣ್ಣನ ಮಾತಿಗೆ ಆಂವ ಎಂದೂ ಎದುರಾಡಿದಾಂವ ಅಲ್ಲ. ಅವ್ವ ನನ್ನ ಕೈ ಹಿಡದಳು. ‘ಹೇಳಿಬಿಡ ನನ್ನವ್ವ. ಮನಿ ಇಜ್ಜತ್ತಿನ ಮಾತದ,’ ಅಂದಳು. ಬಾಜೂಕ ನೆಲದಾಗ ಹುಗಿದ ತಂಬಗಿ ಹಂಗೇ ಇತ್ತು, ಯಾರೂ ಕಿತ್ತಿರಲಿಲ್ಲ. ನಾ ಅವ್ವನ ತಲಿ ನೋಡಿದೆ, ತಂಬಗಿ ನೋಡಿದೆ. ಲೈಸನ್ಸು ಬಂದ ದಿನ ಮೊದಲು ಅವ್ವನ್ನೇ ಬಾಜೂಕ ಕುಂಡರಿಸಿಕೊಂಡು ಹಾರಬೇಕು ಅಂತ ಅಂದುಕೊಂಡಿದ್ದೆ. ಆಕಿಗೂ ಹೇಳಿದ್ದೆ.

‘ಆ ತಂಬಗಿ ನಿನ್ನ ತಲಿಗೆ ಬಿದ್ದಿದ್ರ ಅದನ್ನೂ ನಾನೇ ಒಗದೆ ಅಂತ ಹೇಳಬೇಕಿತ್ತೇನಬೇ?’ ಅಂದೆ. ಅವ್ವ ಕೈ ಬಿಟ್ಟಳು.

ಅಧಿಕಾರಿಗಳು ಬಂದಾಗ ಇದ್ದದ್ದು ಇದ್ದಂಗ ಹೇಳಿದೆ. ಉಸ್ತಾದನ ಲೈಸನ್ಸು ಅಮಾನತಾತು. ನನ್ನ ಪರೀಕ್ಷಾನೂ ಹೋತು, ಯಾಕಂದ್ರ ಈಕಿಗೆ ಹಾರಾಕ ಬರ್ತದ ಅಂತ ಸಹಿ ಹಾಕಿದಾಂವ ಆಂವನೇ. ಆ ಸಹಿಗೆ ಇನ್ನ ಬೆಲಿ ಇರಲಿಲ್ಲ. ಮತ್ತೊಬ್ಬ ಮಾಸ್ತರರ ಕೈಯಾಗ ಮೊದಲಿಂದ ಹಾರಬೇಕು ಅಂದ್ರು. ಮನ್ಯಾಗ ‘ದೊಡ್ಡಪ್ಪನ ಮೂಗು ಕೊಯ್ದಾಕಿ’ ಅಂತ ನನಗ ಹೆಸರು ಬಂತು. ಕಬ್ಬು ಕಡಿಯೋ ಹಂಗಾಮು ಮುಗಿಯೋತನಕ ಆಂವ ನನ್ನ ಜೋಡಿ ಮಾತಾಡಲಿಲ್ಲ. ಅದೊಂದೇ ಸುಖ.

ಮುರಿದ ವಿಮಾನ ಟ್ರ್ಯಾಕ್ಟರಿನ್ಯಾಗ ಜೇವರ್ಗಿಗೆ ಹೋಗಿ, ಅದಕ್ಕ ಹೊಸ ಪಂಖಾ, ಹೊಸ ಗಾಲಿ ಬಂದಿದ್ದವು. ಅಲ್ಲಿಗೆ ಬಂದ ಹೊಸ ಮಾಸ್ತರರು ಅದರ ಸುತ್ತ ಒಂದು ಸಲ ಅಡ್ಡ್ಯಾಡಿ ಮೂಗು ಮುಚ್ಚಿಕೊಂಡ್ರು. ‘ಹಾರೋದಿದ್ರ ಮೊದಲು ಇದನ್ನ ಸ್ವಚ್ಛ ಮಾಡ್ರಿ,’ ಅಂದ್ರು. ಇಂಜಿನ್ ತಣ್ಣಗ ಇರಲಿ ಅಂತ ಸಿಲಿಂಡರಿಗೆ ಗರಿ ಗರಿ ಮಾಡಿರ್ತಾರಲ್ಲ, ಆ ಗರಿ ಗರಿ ನಡುವ ಭಜ್ಜಿ ಕರಕಾಗಿ ಕುಂತಿತ್ತು. ಗಾಳಿ ಎಳಕೊಳ್ಳೋ ಫಿಲ್ಟರಿನ್ಯಾಗ ಅಂಬಲಿ ಹುಳತು ಬೂಷ್ಟು ಬಂದಿತ್ತು. ಒಳಗ ಹುಳ. ಕೆರೆದೆ, ತೊಳೆದೆ, ವಾಂತಿ ಮಾಡಿದೆ, ಮತ್ತ ಕೆರೆದೆ. ಯಾವನೋ ಉಂಡ, ಎಂಜಲ ತಗಿಯೋದು ನನ್ನ ಪಾಲಿಗೆ.

ಮತ್ತ ಬಸ್ಸು, ಮತ್ತ ಜೇವರ್ಗಿ, ಮತ್ತ ಮೊದಲಿಂದ. ಹೋದ ತಿಂಗಳು ಪಾಸಾದೆ. ಲೈಸನ್ಸು ಬಂತು. ಕೈಯಾಗ ಹಿಡಕೊಂಡು ಕ್ಲಬ್ಬಿನ ಕಟ್ಟಿ ಮ್ಯಾಲೆ ಒಬ್ಬಾಕೇ ಕುಂತು ಅತ್ತೆ. ಈಗ ಬಾಜೂ ಸೀಟಿನ್ಯಾಗ ಯಾರನ್ನ ಬೇಕಾದ್ರೂ ಕುಂಡರಿಸಿಕೊಂಡು ಹಾರಬಹುದು.

ಅಂದೇ ಸಂಜಿಗೆ, ಇನ್ನಾ ಕ್ಲಬ್ಬಿನ್ಯಾಗ ಇದ್ದಾಗೇ, ಫೋನ್ ಬಂತು. ದೊಡ್ಡಪ್ಪ. ಎಷ್ಟೋ ದಿನದ ಮ್ಯಾಲೆ ಆಂವನ ದನಿ, ಬೆಲ್ಲದಂಗ.

‘ಬೇಶ್ ಆತವಾ, ಬೇಶ್ ಆತು. ಈಗಂತೂ ಕಾಯಿದೆ ಅಡ್ಡ ಬರಂಗಿಲ್ಲಲ್ಲ? ಅಮಾಸಿ ಹತ್ತರ ಬಂತು ನೋಡು. ಈ ಸಲ ಕಡಬು ಬ್ಯಾಡ, ಭಜ್ಜಿ ಒಂದೇ. ತೆಳ್ಳಗ ಮಾಡಸ್ತೇನಿ.’

ಹಿಂದಿನಿಂದ ಅವ್ವನ ದನಿ ಕೇಳಿಸ್ತು. ‘ಹೂಂ ಅನ್ನಬೇ, ಹಿರಿಯರು ಕೇಳಾಕತ್ತಾರ.’

ಕಣ್ಣೆದುರಿಗೆ ಆ ಖಾಲಿ ಸೀಟು ಬಂತು. ಅದರ ಪಟ್ಟಾ ಅವ್ವನ ಸೊಂಟದ ಅಳತಿಗೆ ಸಡಲ ಮಾಡಿ ಇಟ್ಟಿದ್ದೆ, ಮೂರ್ಖಿ ನಾನು.

‘ದೊಡ್ಡಪ್ಪ, ಬಾಜೂ ಸೀಟು ಖಾಲಿ ಅದ,’ ಅಂದೆ. ‘ಖಾಲಿನೇ ಇರ್ತದ. ಅವ್ವಗೂ ಹೇಳು.’

ಫೋನ್ ಇಟ್ಟು, ಎದ್ದು ಹೋಗಿ ಆ ಪಟ್ಟಾ ಬಿಗಿ ಮಾಡಿ ಬಂದೆ. ಸಡಲ ಬಿಟ್ರ ಗಾಳಿಗೆ ಹಾರಿ ಅದೂ ಪಂಖಾಕ್ಕ ಬೀಳತದ.