ಖಂಡೇಪೂಜೆಯ ದಿನ ಅಳಿಸಿಹೋದ ನಕ್ಷೆಗಳು

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ, ಹಬೆಯ ಕೊಳವೆಗಳಿಗೆ ಹಾಕುವ ವಾಲ್ವುಗಳನ್ನು ಮಾಡುವ ಒಂದು ಸಣ್ಣ ಕಾರ್ಖಾನೆ ಇತ್ತು. ತೊಂಬತ್ತರ ದಶಕದ ಕೊನೆಗೆ ನಾನು ಅಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದೆ. ಧಾರವಾಡದಿಂದ ದಿನಾ ಬಸ್ಸು. ಶೆಡ್ಡಿನ ತುಂಬ ಗಂಡಸರು, ನಾನೊಬ್ಬಳೇ ಹೆಂಗಸು. ನನ್ನ ಬಾಯಿ ಜೋರು ಎನ್ನುವುದು ಅವರಿಗೆಲ್ಲ ಬೇಗ ಗೊತ್ತಾಯಿತು. ಅದರಿಂದ ನನಗೆ ಅನುಕೂಲವೇ ಆಯಿತು.

ಕಾರ್ಖಾನೆಯನ್ನು ಕಟ್ಟಿದ್ದು ಮಾಲೀಕರ ತಂದೆ. ಆ ಕಾಲದ ನಕ್ಷೆಗಳೆಲ್ಲ ಮೇಣ ಹಚ್ಚಿದಂತಿದ್ದ ತೆಳು ಬಟ್ಟೆಯ ಮೇಲೆ ಕಪ್ಪು ಶಾಯಿಯಲ್ಲಿ ಬರೆದವು. ಒಂದೊಂದನ್ನೂ ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಅದಕ್ಕೆ ವರ್ಷಗಳೇ ಹಿಡಿದವು. ಏರಿಸಿ ಮುಗಿದ ಬಟ್ಟೆಯನ್ನು ಬಿಸಿನೀರಲ್ಲಿ ನೆನೆಹಾಕಿ ತಿಕ್ಕಿದರೆ ಶಾಯಿ ಹೋಗಿ ಒಳ್ಳೆ ಮಲ್ಲು ಬಟ್ಟೆ ಉಳಿಯುತ್ತಿತ್ತು. ಉಣಕಲ್ಲಿನ ಮಾಲೀಕರ ಮನೆಯಲ್ಲಿ ಅದರಿಂದ ಮೊಮ್ಮಗಳಿಗೆ ಕುಂಚಿಗೆ, ಅಂಗಿ ಹೊಲಿದರು. "ಇಟ್ಟಿರ್ರಿ, ಯಾವಾಗರ ಬೇಕಾಗ್ತಾವು" ಎಂದು ನಾನು ಗೊಣಗಿದೆ. "ನೀವ ಎಲ್ಲಾ ಒಳಗ ಹಾಕೀರಿ, ಇನ್ನ ಹೊರಗ ಯಾಕ ಬೇಕ್ರಿ?" ಎಂದು ಅವರು ನಕ್ಕರು.

ಹಾಗಂತ ಅವರು ಅಸಡ್ಡೆಯ ಮನುಷ್ಯರಲ್ಲ. ಬಾಯ್ಲರ್ ಮಾಡುವ ಹೊರ ಊರಿನ ಒಂದು ದೊಡ್ಡ ಕಂಪನಿಯ ಆರ್ಡರಿನ ಮೇಲೆ ನಮ್ಮೆಲ್ಲರ ಒಲೆ ಉರಿಯುತ್ತಿತ್ತು. ನಕ್ಷೆ ಎದುರಿಗಿಟ್ಟು ತಾಳೆ ನೋಡದೆ ಅವರ ಇನ್ಸ್‌ಪೆಕ್ಟರ್ ಒಂದು ವಾಲ್ವನ್ನೂ ಮುಟ್ಟುತ್ತಿರಲಿಲ್ಲ. ಆದ್ದರಿಂದ ತಿಂಗಳಿಗೊಮ್ಮೆ ಎಲ್ಲ ನಕ್ಷೆಗಳ ಪ್ರತಿಯನ್ನು ಒಂದು ಹಾರ್ಡ್ ಡಿಸ್ಕಿಗೆ ತುಂಬಿಸಿ, ಮನೆಗೆ ಒಯ್ದು ಕಪಾಟಿನಲ್ಲಿ ಬೀಗ ಹಾಕಿ ಇಡುತ್ತಿದ್ದರು. ಒಮ್ಮೆ ಬೆಂಗಳೂರಿನಿಂದ ಟೈ ಕಟ್ಟಿಕೊಂಡವನೊಬ್ಬ ಬಂದು, ಇಂಟರ್‌ನೆಟ್ಟಿನ ಮೂಲಕ ನಿಮ್ಮ ಫೈಲುಗಳನ್ನು ನಮ್ಮ ದೊಡ್ಡ ಯಂತ್ರಗಳಲ್ಲಿ ಇಟ್ಟುಕೊಳ್ಳುತ್ತೇವೆ, ಮುಂದೆ ಜಗತ್ತೆಲ್ಲ ಹೀಗೇ ನಡೆಯುವುದು ಎಂದು ಉಪದೇಶ ಮಾಡಿದ. "ನಮ್ಮ ಮನಿ ದಾಗೀನ ಮಂದಿ ಮನ್ಯಾಗ ಇಡತಾರೇನ್ರಿ?" ಎಂದು ಮಾಲೀಕರು ಅವನಿಗೆ ಚಹಾ ಕುಡಿಸಿ ಕಳಿಸಿದರು. ನಮ್ಮ ಫೋನ್ ಲೈನು ನಾಲ್ಕು ಹನಿ ಮಳೆಗೇ ಸಾಯುತ್ತಿತ್ತು. ಹಾಗಾಗಿ ಆ ಮಾತು ಯಾರಿಗೂ ತಪ್ಪೆನಿಸಲಿಲ್ಲ.

ಹೀಗಿರುವಾಗ ಒಂದು ವರ್ಷ ನವರಾತ್ರಿಯಲ್ಲಿ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು. ಆ ದಿನ ಕಾರ್ಖಾನೆಯ ಒಂದು ಉಪಕರಣವನ್ನೂ ಪೂಜೆಯಿಂದ ಹೊರಗೆ ಬಿಡುವಂತಿಲ್ಲ. ಬಿಟ್ಟರೆ ಅದು ವರ್ಷವಿಡೀ ಕೈ ಕಚ್ಚುತ್ತದೆ ಎಂದು ನಂಬಿಕೆ. ಲೇಥು, ಡ್ರಿಲ್ಲು, ಕ್ಯಾಲಿಪರು, ಸ್ಪ್ಯಾನರುಗಳಿಗೆಲ್ಲ ವಿಭೂತಿ, ಕುಂಕುಮ, ಚೆಂಡುಹೂವು. ಮನೆಯ ಕಪಾಟಿನಲ್ಲಿದ್ದ ಹಾರ್ಡ್ ಡಿಸ್ಕೂ ಉಪಕರಣವೇ ಅಲ್ಲವೇ? ಮಾಲೀಕರು ಅದನ್ನು ಶಲ್ಯದಲ್ಲಿ ಸುತ್ತಿ ತಂದು ಕಂಪ್ಯೂಟರಿನ ಪಕ್ಕ ಇಟ್ಟರು. ಆರತಿ ಆದ ಮೇಲೆ ಪ್ರತಿಯೊಂದು ಯಂತ್ರವನ್ನೂ ಒಮ್ಮೆ ನಡೆಸಬೇಕು, ಅದೂ ಪದ್ಧತಿಯೇ. ಲೇಥು ತಿರುಗಿತು, ಡ್ರಿಲ್ಲು ತಿರುಗಿತು. ಕೊನೆಗೆ ಹಾರ್ಡ್ ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸಿದರು. ಅದರ ಹಸಿರು ದೀಪ ಮಿಣುಕಿದಾಗ ಎಲ್ಲರೂ ಕೈ ಮುಗಿದರು. ಬೆಳಿಗ್ಗೆಯಿಂದ ಅದೇ ಕಂಪ್ಯೂಟರಿನಲ್ಲಿ ದೇವಿಯ ಭಜನೆಗಳು ಕೇಳಿಬರುತ್ತಿದ್ದವು. ಮಾಲೀಕರ ಮೈದುನ ಯಾವುದೋ ಸೈಬರ್ ಕೆಫೆಯಲ್ಲಿ ಬರೆಸಿ ತಂದ ಸಿಡಿ ಅದು.

ಬನ್ನಿ ಕೊಟ್ಟು, ಹಬ್ಬ ಮುಗಿಸಿ ಕೆಲಸಕ್ಕೆ ಬಂದಾಗ ನಕ್ಷೆಗಳ ಹೆಸರುಗಳೆಲ್ಲ ಪರದೆಯ ಮೇಲೆ ಇದ್ದವು. ತೆರೆದರೆ ಒಳಗೆ ನಕ್ಷೆಯ ಒಂದು ಗೆರೆಯೂ ಇಲ್ಲ. ಹಾರ್ಡ್ ಡಿಸ್ಕ್ ತರಿಸಿ ನೋಡಿದೆವು, ಅದರಲ್ಲೂ ಅಷ್ಟೇ. ವಿದ್ಯಾನಗರದಿಂದ ಬಂದ ರಿಪೇರಿಯವನು ಹಗಲೆಲ್ಲ ಕೂತು, ಸಿಡಿಯೊಳಗೆ ವೈರಸ್ ಇತ್ತು, ಸಿಕ್ಕ ನಕ್ಷೆಗಳನ್ನೆಲ್ಲ ಅಳಿಸಿ ಅವುಗಳ ಮೇಲೆ ಕಸ ತುಂಬಿದೆ, ಇನ್ನು ಮರಳಿ ತೆಗೆಯಲು ಬರುವುದಿಲ್ಲ ಎಂದ.

"ಸಿಡಿ, ಹಾರ್ಡ್ ಡಿಸ್ಕ್ ಎರಡೂ ಒಂದ ದಿನ ಯಾಕ ಹಚ್ಚಿದ್ರಿ?" ಎಂದು ಅವನೇ ಕೇಳಿದ.

"ಪೂಜಿ ಇತ್ರಿ" ಎಂದರು ಮಾಲೀಕರು.

ನನಗೆ ಮೈಯೆಲ್ಲ ಉರಿಯಿತು. ಎದುರಿಗೆ ನಿಂತು ಬೈಯಲು ಒಬ್ಬ ಕಳ್ಳನೂ ಇಲ್ಲ. ಎಲ್ಲೋ ಕೂತ, ವಾಲ್ವು ಎಂದರೇನೆಂದೇ ತಿಳಿಯದ ಯಾವನೋ ಒಬ್ಬ ಸುಮ್ಮನೆ ಮೋಜಿಗೆ ಬರೆದು ಬಿಟ್ಟದ್ದು ನನ್ನ ವರ್ಷಗಳನ್ನು ತಿಂದುಹಾಕಿತ್ತು. ಪರದೆಯ ಮೇಲಿನ ಕುಂಕುಮ ಒರೆಸುತ್ತ ಅತ್ತೆ.

ಇನ್ಸ್‌ಪೆಕ್ಟರ್ ಬರುವುದು ದೀಪಾವಳಿ ಆದ ಮೇಲೆ. ಅಷ್ಟರೊಳಗೆ ನಕ್ಷೆ ಇಲ್ಲದಿದ್ದರೆ ಆರ್ಡರ್ ಹೋಗುತ್ತದೆ, ಆರ್ಡರ್ ಹೋದರೆ ಶೆಡ್ಡಿಗೆ ಬೀಗ. ಶೆಡ್ಡಿಗೆ ಕೊಟ್ಟಿದ್ದ ಕಾಗದದ ಪ್ರತಿಗಳು ಎಣ್ಣೆಯಲ್ಲಿ ನೆನೆದು ಆಗಿಂದಾಗಲೇ ಕಸಕ್ಕೆ ಹೋಗಿದ್ದವು, ಮಾಡಿದ ವಾಲ್ವುಗಳೆಲ್ಲ ಹಬ್ಬಕ್ಕೆ ಮೊದಲೇ ಸಾಗಿಹೋಗಿದ್ದವು. ಗಿರಣಿಯೊಂದರಿಂದ ನಮ್ಮದೇ ಹಳೆಯ ವಾಲ್ವೊಂದನ್ನು ಬೇಡಿ ತಂದು, ಬಿಚ್ಚಿ, ಅಳೆದು ಮತ್ತೆ ಬರೆಯಲು ಕೂತೆ. ಒಳಗೆಲ್ಲ ಸವೆದು ಹೋಗಿತ್ತು. ಗೋಡೆಯ ದಪ್ಪ ಒಂದೊಂದು ಕಡೆ ಒಂದೊಂದು. "ಇದನ್ನ ಅಂದಾಜಲೇ ಹಾಕಬೇಕ್ರಿ" ಎಂದೆ. ಮಾಲೀಕರು ಕ್ಯಾಲಿಪರ್ ತಗೊಂಡು ತಾವೂ ಅಳೆದರು. ಆಮೇಲೆ ಅದನ್ನು ಒರೆಸಿ ಕೆಳಗಿಟ್ಟರು.

"ಬ್ಯಾಡ್ರಿ" ಎಂದರು. "ಹಬಿ ತುಂಬಿದಾಗ ಇದರ ಮುಂದ ಯಾವನೋ ಒಬ್ಬ ನಿಂತಿರ್ತಾನ."

ನನ್ನೆದುರಿಗೇ ಕಂಪನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆರ್ಡರು ಬೇರೆ ಊರಿಗೆ ಹೋಯಿತು. ಯುಗಾದಿಯ ಹೊತ್ತಿಗೆ ಶೆಡ್ಡು ಮುಚ್ಚಿತು.

ಆದರೆ ನಕ್ಷೆಗಳು ತಾವಾಗಿ ಅಳಿಸಿಹೋದವು ಎಂಬುದನ್ನು ಕೆಲಸಗಾರರಲ್ಲಿ ಒಬ್ಬರೂ ನಂಬಲಿಲ್ಲ. ಲೇಥು ಇದ್ದಲ್ಲೇ ಇತ್ತು, ಕಳ್ಳತನವಾಗಿರಲಿಲ್ಲ, ಒಂದು ಹಂಚೂ ಒಡೆದಿರಲಿಲ್ಲ. ಹಾಡಿನ ಸಿಡಿಯೊಂದು ಕಾರ್ಖಾನೆ ಮುಳುಗಿಸಿತು ಎಂದರೆ ಯಾರು ನಂಬುತ್ತಾರೆ? ಮಾಲೀಕರು ನಕ್ಷೆಗಳನ್ನು ಗುಟ್ಟಾಗಿ ಮಾರಿಕೊಂಡರು ಎಂಬ ಸುದ್ದಿ ಹಬ್ಬಿತು. ನಾನು ಎದುರು ಸಿಕ್ಕವರ ಜೊತೆಗೆಲ್ಲ ಜಗಳಾಡಿದೆ. ಸಾಹೇಬರ ಕಡೆಯವಳು ಎಂದು ನಕ್ಕು ಮುಂದೆ ಹೋದರು.

ಒಂದು ಮಧ್ಯಾಹ್ನ ಉಣಕಲ್ಲಿಗೆ ಮಾಲೀಕರನ್ನು ನೋಡಲು ಹೋಗಿದ್ದೆ. ಅವರ ತಂದೆಯ ಕಾಲದಿಂದ ಲೇಥ್ ನಡೆಸುತ್ತಿದ್ದ ಹಿರಿಯ ಟರ್ನರ್ ಕಾಕಾನೂ ಬಂದರು. ಕಟ್ಟೆಯ ಮೇಲೆ ಕೂತು, ನೆಲ ನೋಡುತ್ತ ಕೇಳಿದರು: "ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ಯಾರಿಗೆ ಮಾರಿದ್ರಿ ಅಂತ ನನಗೊಬ್ಬಂಗರ ಖರೇ ಹೇಳ್ರಿ. ನಾ ಯಾರ ಮುಂದೂ ಹೇಳಂಗಿಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಮಾಲೀಕರು ಕೈ ಎತ್ತಿ ನನ್ನನ್ನು ತಡೆದರು.

"ಬೆಂಕಿ ಬಿದ್ದಿದ್ರ ಬೂದಿಯರ ತೋರಸ್ತಿದ್ದೆ, ಕಾಕಾ" ಎಂದರು. "ನನ್ನ ಕಡೆ ತೋರಸಾಕ ಏನೂ ಇಲ್ಲ."

ಕಾಕಾ ತಲೆಯೆತ್ತಿ ಅವರ ಮುಖ ನೋಡಿದರು, ಇನ್ನೂ ಏನಾದರೂ ಹೇಳುತ್ತಾರೋ ಎಂದು. ಆಮೇಲೆ "ಆತ್ರಿ, ಬರ್ತೇನ್ರಿ" ಎಂದು ಎದ್ದು, ಒಳಗಿಂದ ಬಂದ ಚಹಾವನ್ನು ಮುಟ್ಟದೆ ಚಪ್ಪಲಿ ಮೆಟ್ಟಿಕೊಂಡು ಹೋದರು.