ತೊಟ್ಟಿಯಲ್ಲಿ ನಿಂತ ಅಪ್ಪ

ತೊಂಬತ್ತರ ದಶಕದಲ್ಲಿ ಇಂದಿರಾನಗರದಲ್ಲಿ ಯಾರದೋ ದೊಡ್ಡ ಮನೆ ಏಳುತ್ತಿತ್ತು. ಅದರ ಅಂಗಳದ ತಗಡಿನ ಶೆಡ್ಡೇ ನಮ್ಮ ಮನೆ. ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದಿದ್ದ ಅಪ್ಪ ಕಟ್ಟುತ್ತಿದ್ದ ಗೋಡೆಯ ಮೇಲಿನಿಂದ ಬಿದ್ದಿದ್ದ. ಕಾಲುಗಳಲ್ಲಿ ಬಲ ಉಳಿದಿರಲಿಲ್ಲ. ಅವ್ವ ಇಟ್ಟಿಗೆ ಹೊರುತ್ತಿದ್ದಳು, ಜೊತೆಗೆ ಕಾವಲು.

ಗೋಡೆಗೆ ನೀರು ಹಾಕಲು ಅಲ್ಲೊಂದು ಇಟ್ಟಿಗೆಯ ತೊಟ್ಟಿ ಇತ್ತು, ಅರ್ಧ ನೆಲದೊಳಗೆ. ನೀರಲ್ಲಿ ಕಾಲು ಆಡಿಸಲಿ ಎಂದು ಡಾಕ್ಟರು ಹೇಳಿದ್ದೇ ತಡ, ಅವ್ವ ದಿನಾ ಸಂಜೆ ಅಪ್ಪನನ್ನು ಅದರಲ್ಲಿ ಇಳಿಸಿ ತಾನೂ ಇಳಿಯತೊಡಗಿದಳು. ಎದೆಮಟ್ಟದ ನೀರಲ್ಲಿ ಅಪ್ಪ ಗೋಡೆ ಹಿಡಿದು ನಿಂತುಬಿಡುತ್ತಿದ್ದ.

"ನೋಡವ್ವಾ, ನಿಂತೀನಿ ನೋಡು!" ಎಂದು ನನ್ನನ್ನು ಕೂಗುತ್ತಿದ್ದ.

"ಹೂನ್ರೀ, ನಿನ್ನೆಕಿಂತ ಚಲೋ ನಿಂತೀರಿ," ಅನ್ನುತ್ತಿದ್ದಳು ಅವ್ವ.

ಆ ವರ್ಷ ಸ್ಕೂಲಿನಲ್ಲಿ ಮೇಷ್ಟ್ರು ಸ್ಪ್ರಿಂಗ್ ತಕ್ಕಡಿಗೆ ಕಲ್ಲು ಕಟ್ಟಿ ಬಕೆಟ್ಟಿನ ನೀರಿಗೆ ಇಳಿಸಿದರು. ತೂಕ ಇಳಿಯಿತು. ಕಲ್ಲೇನೂ ಕರಗಿಲ್ಲ, ನೀರು ಅದನ್ನು ಮೇಲಕ್ಕೆ ಒತ್ತುತ್ತಿದೆ ಅಷ್ಟೇ ಎಂದರು. ಹೊರಗೆ ಎತ್ತಿದರೆ ಮತ್ತೆ ಅದೇ ತೂಕ. ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ನಾನು ಸ್ಕೂಲು ಬಿಟ್ಟದ್ದೇ ಮನೆಗೆ ಓಡಿದೆ.

ನನ್ನ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಈಗಲೂ. ಪಾತ್ರೆ ತಿಕ್ಕುತ್ತಿದ್ದ ಅವ್ವನಿಗೆ ಎಲ್ಲ ಒದರಿದೆ. ಅಪ್ಪ ನಿಂತಿಲ್ಲ, ನೀರು ನಿಲ್ಲಿಸಿದೆ ಎಂದೆ.

ಅವ್ವ ತಲೆ ಎತ್ತಲಿಲ್ಲ. "ನನಗ ಗೊತ್ತಿಲ್ಲಂತ ಮಾಡೀಯೇನು? ದಿನಾ ನೀರಿಂದ ಹೊರಗ ಎತ್ತಾಕಿ ಯಾರು? ನಿಮ್ಮಪ್ಪನ ಮುಂದ ಬಾಯಿ ಬಿಟ್ಟೀ ನೋಡು."

ಅಂದು ಸಂಜೆ ಮೊದಲ ಸಲ ಅವ್ವನನ್ನು ಸರಿಯಾಗಿ ನೋಡಿದೆ. ನೀರೊಳಗೆ ಒಂದೇ ಕೈಯಲ್ಲಿ ಅಪ್ಪನನ್ನು ಆಚೀಚೆ ತಿರುಗಿಸುತ್ತಿದ್ದವಳು, ಅವನ ಸೊಂಟ ನೀರು ಬಿಟ್ಟು ಮೇಲೆ ಬರುತ್ತಿದ್ದಂತೆ ಹಲ್ಲು ಕಚ್ಚಿದಳು. ಕತ್ತಿನ ನರ ಉಬ್ಬಿತು. ನಾನೂ ಹೋಗಿ ಅವನ ಕಾಲು ಹಿಡಿದೆ. ಅಬ್ಬಾ, ಎಷ್ಟು ಭಾರವಿತ್ತು! ಅಳು ಬಂತು.

ಮನೆ ಮುಗಿಯಿತು. ಕಾರು ನಿಲ್ಲಿಸಲು ಜಾಗ ಬೇಕೆಂದು ತೊಟ್ಟಿ ಒಡೆದರು. ನಾವು ಕೆ.ಆರ್. ಪುರದ ಒಂದು ಬಾಡಿಗೆ ರೂಮಿಗೆ ಹೋದೆವು. ಅಲ್ಲಿ ಇದ್ದದ್ದು ಒಂದು ಡ್ರಮ್ಮು ನೀರು.

"ಇನ್ನೊಂದೀಟು ದಿನ ತೊಟ್ಟಿ ಇದ್ದಿದ್ರ ನಾ ನಡದೇ ಬಿಡ್ತಿದ್ದೆ," ಎಂದು ಅಪ್ಪ ಸಾಯುವವರೆಗೂ ಆ ಮನೆಯ ಓನರಿಗೆ ಬೈಯುತ್ತಿದ್ದ. ಅವ್ವ ಜೊತೆಗೂಡಿ ಇನ್ನೂ ಜೋರಾಗಿ ಬೈಯುತ್ತಿದ್ದಳು.

ನಾನೂ ಬೈದೆ.