ಮೂರು ಬೆಲ್ಟಿನ ಅಯ್ಯನೋರು

ಹೋದ ವರ್ಷ ಆದೋನಿಯ ಹತ್ತಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಗೆಜ್ಜೆ ಸದ್ದು ಕೇಳಿದರೆ ಎತ್ತು ಬಂತೆಂದು ಯಾರೂ ದಾರಿ ಬಿಡುತ್ತಿರಲಿಲ್ಲ. ಅದು ವೀರಬಸಮ್ಮ ಗ್ಯಾಸ್ ಸಿಲಿಂಡರ್ ತರುವ ಸದ್ದು ಎಂದು ಎಲ್ಲರಿಗೂ ಗೊತ್ತಿತ್ತು. ಸಿಲಿಂಡರನ್ನು ಮೊಪೆಡ್ಡಿಗೆ ಬಿಗಿಯಲು ಆಕೆ ಹಗ್ಗ ಹುಡುಕುತ್ತಿರಲಿಲ್ಲ. ಗಂಡ ಗೆದ್ದು ತಂದ ರೆಸ್ಲಿಂಗ್ ಚಾಂಪಿಯನ್ ಬೆಲ್ಟನ್ನೇ ಸುತ್ತಿಬಿಡುತ್ತಿದ್ದಳು. ಇನ್ನೊಂದು ಬೆಲ್ಟು ಬಾಗಿಲು ನಿಲ್ಲದ ಬೀರುವಿಗೆ. ಮೂರನೆಯದು ಎಮ್ಮೆಯ ಕೊರಳಿಗೆ. ಎಮ್ಮೆಗೆ ಅದು ಒಪ್ಪುತ್ತಿತ್ತು ಕೂಡ, ಯಾಕೆಂದರೆ ಆ ಬೆಲ್ಟುಗಳನ್ನು ಮಾಡಿದವನು ಎತ್ತಿನ ಕೊರಳಪಟ್ಟಿ ಮಾಡುವವನು. ಗೆಜ್ಜೆಯಿಲ್ಲದ ಪಟ್ಟಿಯನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ.

ಆಕೆಯ ಗಂಡ ಚನ್ನಬಸಯ್ಯ. ನಾನು ವಾದೀಂದ್ರ, ಊರವರ ಬಾಯಲ್ಲಿ ಆಚಾರ್ರು: ವಾರವೆಲ್ಲ ಒಂದು ಕಾಲೇಜಿನ ಗುಮಾಸ್ತ, ಭಾನುವಾರ ರೆಸ್ಲಿಂಗಿನ ರೆಫರಿ. ಏಕಾದಶಿಯ ದಿನ ನೀರನ್ನೂ ಮುಟ್ಟದ ಮನೆತನ ನಮ್ಮದು, ನಮಗೆ ನಿಯಮವೆಂದರೆ ನಿಯಮ. ಚನ್ನಬಸಯ್ಯನ ಮೂರು ಗೆಲುವಿಗೂ ಎಣಿಸಿದವನು ನಾನೇ. ಅದಕ್ಕೆ ಜನ ಇವತ್ತಿಗೂ ನನ್ನನ್ನು ಬೈಯುತ್ತಾರೆ. ಬೈಯಲಿ. ನಿಯಮ ಓದದವರ ಬೈಗುಳ ನನಗೆ ತಾಗುವುದಿಲ್ಲ.

ಚನ್ನಬಸಯ್ಯ ಜಂಗಮರ ಪೈಕಿ. ನಮ್ಮ ಕಡೆ ಜಂಗಮರೆಂದರೆ ಅಯ್ಯನೋರು. ಹೊಸ ಮನೆ ಹೊಗಲಿಕ್ಕೆ, ಮಗುವಿಗೆ ಹೆಸರಿಡಲಿಕ್ಕೆ ಅವರು ಬರಬೇಕು, ಅವರ ಪಾದಕ್ಕೆ ನೀರೆರೆಯಬೇಕು. ಅವನು ತೊಟ್ಟಿಲಲ್ಲಿದ್ದಾಗಲೇ ಹಲ್ಲಿಲ್ಲದ ಮುದುಕರು ಬಗ್ಗಿ ಅವನ ಅಂಗಾಲು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದರಂತೆ. ದೊಡ್ಡವನಾಗಿ ಹತ್ತಿ ಮಂಡಿಯಲ್ಲಿ ಮೂಟೆ ಹೊರುವ ಕೆಲಸ ಕೇಳಿದ. ಸಾಹುಕಾರರು ಕಿವಿ ಮುಚ್ಚಿಕೊಂಡು, "ಶಿವ ಶಿವಾ! ಅಯ್ಯನೋರ ಬೆನ್ನ ಮ್ಯಾಲೆ ಮೂಟಿ ಹೊರಿಸಿ ನಾನು ಯಾವ ನರಕಕ್ಕ ಹೋಗ್ಲಿ?" ಎಂದು ಅವನನ್ನು ಗಾದಿಯ ಮೇಲೆ ಕೂರಿಸಿದರು. ಅಂದಿನಿಂದ ಕೂತದ್ದೇ ಕೆಲಸ. ಯಾರೂ ಇಲ್ಲದ ಹೊತ್ತು ನೋಡಿ ಅವನು ಮೂಟೆ ಎತ್ತುತ್ತಿದ್ದ, ಇಳಿಸುತ್ತಿದ್ದ, ಮತ್ತೆ ಎತ್ತುತ್ತಿದ್ದ. ಮೈ ಬೆಳೆದದ್ದು ಹಾಗೆ.

ಆ ಮೈ ಕಣ್ಣಿಗೆ ಬಿದ್ದದ್ದು ವಾಗೀಶನಿಗೆ. ಅವನು ಕೇಬಲ್ ಟೀವಿ ನಡೆಸುವವನು. ಈಗ ಮನೆಗೆ ಕೇಬಲ್ ಹಾಕಿಸುವವರಿಲ್ಲವೆಂದು ಯೂಟ್ಯೂಬ್ ಚಾನೆಲ್ ತೆರೆದು ರೆಸ್ಲಿಂಗ್ ಶುರು ಮಾಡಿದ್ದ. ಇದು ಗರಡಿಮನೆಯ ಕುಸ್ತಿಯಲ್ಲ. ಟೀವಿಯಲ್ಲಿ ಬರುತ್ತದಲ್ಲ, ಹಗ್ಗದ ಕಟ್ಟೆಯೊಳಗೆ ಮುಖಕ್ಕೆ ಬಣ್ಣ ಬಳಿದು ಕೂಗಾಡುವುದು, ಅದು. ಯಾರು ಗೆಲ್ಲಬೇಕೆಂದು ಮೊದಲೇ ಗೊತ್ತು ಮಾಡಿರುತ್ತಾರೆ.

"ಸ್ವಾಮೀ, ಮೀರು ವಿಲನ್ನು. ಹೆಸರು ರಾಯಲಸೀಮ ರಾಕ್ಷಸ," ಎಂದ ವಾಗೀಶ, ಆದೋನಿಯವರ ಹಾಗೆ ಕನ್ನಡಕ್ಕೆ ತೆಲುಗು ಬೆರೆಸಿ. "ಚೆಂದಾಗಿ ಹೊಡೀರಿ, ಕಡೀಕ ಸೋಲ್ರಿ. ಅಂತೇ, ಅಷ್ಟೇ."

ಚನ್ನಬಸಯ್ಯನ ಮುಖ ಅರಳಿತು. "ಖರೇನ ಕೆಡವ್ತಾರೇನು ನನ್ನ?"

"ಎತ್ತಿ ಒಗೀತಾರ."

ಮೊದಲ ಪಂದ್ಯ ಆಲೂರಿನಲ್ಲಿ. ಎದುರಾಳಿ ಟ್ರ್ಯಾಕ್ಟರ್ ಮೆಕ್ಯಾನಿಕ್ ದುರುಗೇಶ, ಪೋಸ್ಟರಿನಲ್ಲಿ 'ಆಲೂರು ಹುಲಿ'. ಹುಲಿ ರಾಕ್ಷಸನನ್ನು ಕೆಡವಿ ಎದೆಯ ಮೇಲೆ ಕಾಲಿಟ್ಟು ನಿಲ್ಲಬೇಕೆಂದು ಮಾತಾಗಿತ್ತು. ವಾಗೀಶ ಅಭ್ಯಾಸಕ್ಕೆ ದುರುಗೇಶನಿಗೊಂದು ಹತ್ತಿ ಮೂಟೆ ಕೊಟ್ಟಿದ್ದನೇ ಹೊರತು ಬಣ್ಣದ ಹಿಂದೆ ಯಾರಿದ್ದಾರೆಂದು ಹೇಳಿರಲಿಲ್ಲ. ಸಮಸ್ಯೆ ಏನೆಂದರೆ ಚನ್ನಬಸಯ್ಯ ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚದೆ ಹೊಸ್ತಿಲು ದಾಟುವವನಲ್ಲ. ವಿಭೂತಿಯ ಮೇಲೆಯೇ ಕಪ್ಪು ಬಣ್ಣ ಬಳಿದುಕೊಂಡಿದ್ದ. ಬೇಸಿಗೆ, ಬೆವರು. ಅರ್ಧ ಆಟಕ್ಕೆ ಕಪ್ಪೆಲ್ಲ ಕೆಳಗಿಳಿದು, ರಾಕ್ಷಸನ ಹಣೆಯ ಮೇಲೆ ಮೂರು ಬಿಳಿ ಗೆರೆ ಢಾಳಾಗಿ ಎದ್ದವು.

ಮಾತಿನಂತೆ ತಾನಾಗಿಯೇ ಅಂಗಾತ ಮಲಗಿದ್ದ ರಾಕ್ಷಸನ ಎದೆಗೆಂದು ಎತ್ತಿದ ಕಾಲನ್ನು ದುರುಗೇಶ ಇಳಿಸಲೇ ಇಲ್ಲ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಅವನ ತಾಯಿ ಕೊಟ್ರಮ್ಮ ಎದ್ದು ನಿಂತು ಚೀರಿದಳು: "ಏ ಮುಂಡೇದೇ! ನಮ್ಮನಿ ತುಂಬಿಸಿದ ಅಯ್ಯನೋರು ಕಣೋ ಅವರು! ಕಾಲು ಇಳಿಸಿದ್ರ ನಿನ್ನ ಕಾಲು ಮುರೀತೀನಿ!"

ದುರುಗೇಶ ಒಂಟಿ ಕಾಲಲ್ಲಿ ಕುಪ್ಪಳಿಸುತ್ತ ಹಿಂದೆ ಸರಿದ. "ತಪ್ಪಾತ್ರೀ ಯಪ್ಪಾ" ಎಂದು ಅಯ್ಯನೋರಿಗೆ ಕೈಮುಗಿದು, "ಈಗ ಏನ್ ಮಾಡ್ಲಿ ಯವ್ವಾ?" ಎಂದು ತಾಯಿಯನ್ನು ಕೇಳಿದ. ಆಕೆ ಉರುಳುಸೇವೆ ಮಾಡೆಂದಳು. ಹುಲಿ ಅಲ್ಲೇ ಅಡ್ಡಬಿದ್ದು ಅಯ್ಯನೋರ ಸುತ್ತ ಉರುಳತೊಡಗಿತು. ಎದ್ದು ಕೂತ ಚನ್ನಬಸಯ್ಯನಿಗೆ ನಾಚಿಕೆ. "ಏಳೋ ತಮ್ಮಾ, ಸಾಕು, ಜನ ನೋಡಾಕತ್ಯಾರ" ಎಂದು ಬಗ್ಗಿ ಅವನ ಎದೆಯ ಮೇಲೆ ಕೈಯಿಟ್ಟು ತಡೆದ.

ಈಗ ನೀವೇ ಹೇಳಿ. ಎರಡೂ ಭುಜ ನೆಲಕ್ಕೆ, ಎದುರಾಳಿಯ ಕೈ ಮೈಮೇಲೆ; ಮೂರೆಣಿಸುವುದರೊಳಗೆ ಏಳದಿದ್ದರೆ ಸೋತ ಹಾಗೆ. ಗೆಲ್ಲುವವನನ್ನು ಗೊತ್ತು ಮಾಡುವುದು ವಾಗೀಶನ ಕೆಲಸ, ಭುಜ ನೋಡುವುದು ನನ್ನ ಕೆಲಸ. ನಾನು ಮೂರೆಣಿಸಿದೆ. ವಾಗೀಶ ಮೈಕಿನಲ್ಲೇ "ಅಯ್ಯೋ ಆಚಾರ್ರೇ!" ಎಂದು ಅತ್ತ. ಆಲೂರಿನ ಬೆಲ್ಟು ಘಲ್ಲೆನ್ನುತ್ತ ಚನ್ನಬಸಯ್ಯನ ಸೊಂಟಕ್ಕೇರಿತು.

ಎರಡನೆಯ ಬೆಲ್ಟು ಆಸ್ಪರಿಯದು. ಶಿವಭಕ್ತರ ಉಸಾಬರಿಯೇ ಬೇಡವೆಂದು ವಾಗೀಶ ವೈಷ್ಣವನನ್ನೇ ಹುಡುಕಿದ. ಸಿಕ್ಕವನು ನನ್ನ ಚಿಕ್ಕಪ್ಪನ ಮಗ ನರಸಿಂಹ, ಸರ್ಕಾರಿ ಆಫೀಸಿನಲ್ಲಿ ಫೈಲು ಎತ್ತಿಡುವವನು. "ನಮಗೇನ್ರಿ, ನಮ್ಮ ಗುರುಗಳೇ ಬ್ಯಾರೆ" ಎಂದು ಧೈರ್ಯವಾಗಿ ಒಳಗೆ ಹೋದ. ಚನ್ನಬಸಯ್ಯನನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿಯೂ ಬಿಟ್ಟ. ನಮ್ಮ ಕುಲದಲ್ಲಿ ಅಂಥ ತಾಕತ್ತು ಯಾರಿಗೂ ಬಂದಿರಲಿಲ್ಲ, ನನಗೆ ಹೆಮ್ಮೆಯಾಯಿತು. ಆಗ ಕೆಳಗಿನಿಂದ ನಮ್ಮ ಚಿಕ್ಕಮ್ಮ ಜಯಾಬಾಯಿ ಕೂಗಿದರು: "ನರಸಿಂಹಾ, ಯಾರ ಗುರು ಆದ್ರೂ ಗುರು ಗುರುನೇ! ಮೆಲ್ಲಗ ಇಡು!"

ನರಸಿಂಹ ಕಂಗಾಲಾದ. ಒಗೆಯುವ ಹಾಗಿಲ್ಲ, ಹೊತ್ತು ನಿಲ್ಲಲು ಆಗುವುದಿಲ್ಲ. "ಅಯ್ಯನೋರೆ, ನಿಮ್ಮನ್ನ ಎಲ್ಲಿ ಇಡ್ಲಿ?" ಎಂದು ಮೇಲಕ್ಕೆ ನೋಡಿ ಕೇಳಿದ.

"ಒಗಿಯಪ್ಪಾ, ದಮ್ಮಯ್ಯ, ಒಗಿ!" ಎಂದ ಚನ್ನಬಸಯ್ಯ ಗಾಳಿಯಲ್ಲಿ ಕೈಮುಗಿದು.

ಅವರಿಬ್ಬರೂ ಹೀಗೆ ಮಾತಾಡುತ್ತಿರುವಾಗ ನರಸಿಂಹನ ಸೊಂಟ ಹಿಡಿಯಿತು. ಅವನು ಅಂಗಾತ ಬಿದ್ದ, ಅಯ್ಯನೋರು ಅವನ ಮೇಲೆ. ತಮ್ಮನಾದರೇನು, ಎಣಿಸಿದೆ. ನರಸಿಂಹ ಹದಿನೈದು ದಿನ ಆಫೀಸಿಗೆ ಹೋಗಲಿಲ್ಲ; ಆಫೀಸಿನವರಿಗೆ ಅದು ಗೊತ್ತಾಗಲಿಲ್ಲ.

ದೇವನಕೊಂಡದಲ್ಲಿ ವಾಗೀಶ ಇನ್ನೂ ಜಾಣತನ ಮಾಡಿದ. ಜಂಗಮನಿಗೆ ಜಂಗಮನೇ ಸರಿಯೆಂದು ಸಿದ್ದಲಿಂಗೇಶನನ್ನು ಕರೆಸಿದ. ಅವನೂ ಅಯ್ಯನೋರೇ, ಆದರೆ ವಯಸ್ಸಿನಲ್ಲಿ ಕಿರಿಯ. ಕಿರಿಯನೆಂದ ಮೇಲೆ ಹಿರಿಯರ ಪಾದ ಮುಟ್ಟದೆ ಕೈ ಮಾಡುವುದುಂಟೇ? ಬಗ್ಗಿದ. ಚನ್ನಬಸಯ್ಯ "ಬ್ಯಾಡ ಬ್ಯಾಡ" ಎನ್ನುತ್ತ ಹಿಂದೆ ಸರಿದ. ಅವನು ಬಗ್ಗಿಕೊಂಡೇ ಬೆನ್ನು ಹತ್ತಿದ. ಕಟ್ಟೆಯ ಸುತ್ತ ಇವನು ಹಿಂದಕ್ಕೆ, ಅವನು ಮುಂದಕ್ಕೆ. ಕೊನೆಗೆ ಮೂಲೆಯಲ್ಲಿ ಇವನು ಪಕ್ಕಕ್ಕೆ ಸರಿದ, ಅವನು ಹಗ್ಗದ ನಡುವಿನಿಂದ ಹೊರಗೆ ಉರುಳಿ, ಬಜ್ಜಿ ಮಾರುತ್ತಿದ್ದ ಶೇಷಮ್ಮನ ಬುಟ್ಟಿಯ ಪಕ್ಕ ಕೂತ. ಹತ್ತೆಣಿಸುವುದರೊಳಗೆ ವಾಪಸು ಬರಬೇಕು. ಶೇಷಮ್ಮ, "ಅಯ್ಯನೋರು ತಾವಾಗಿ ನಮ್ಮ ಬುಟ್ಟಿ ಹತ್ರ ಬಂದಾರ, ಹಂಗೆ ಹೋಗಬಾರದು" ಎಂದು ಎರಡು ಬಜ್ಜಿ ಕೈಯಲ್ಲಿಟ್ಟಳು. ತಿನ್ನುವುದರಲ್ಲಿ ಹತ್ತು ಮುಗಿಯಿತು.

ಅಲ್ಲಿಗೆ ಮೂರು ಬೆಲ್ಟು. ಸುದ್ದಿ ಹಬ್ಬಿದ ಮೇಲೆ ಜನ ಸೀಟಿ ಹೊಡೆಯುವುದು ಬಿಟ್ಟು ತೆಂಗಿನಕಾಯಿ, ಕರ್ಪೂರ ಹಿಡಿದು ಬರತೊಡಗಿದರು. ಕಟ್ಟೆಯ ಮೂಲೆಗೆ ಒಡೆದ ಕಾಯಿಯ ನೀರಿನಲ್ಲಿ ನನ್ನ ಕಾಲು ಎರಡು ಸಲ ಜಾರಿತು. ವಾಗೀಶ ಕಡ್ಡಿ ಮುರಿದಂತೆ ಹೇಳಿದ: ಆದೋನಿಯ ಪಂದ್ಯವೇ ಕಡೆಯದು. ಮೂರೂ ಬೆಲ್ಟು ಪಣಕ್ಕೆ, ಎದುರಾಳಿ ಮತ್ತೆ ದುರುಗೇಶ. ಅಯ್ಯನೋರು ಸೋಲದಿದ್ದರೆ ಅಂಗಡಿ ಬಂದ್.

ಅದರ ಹಿಂದಿನ ದಿನ ಚನ್ನಬಸಯ್ಯ ನನ್ನನ್ನು ಮಂಡಕ್ಕಿಯ ಉಗ್ಗಾಣಿ ತಿನ್ನಲು ಮನೆಗೆ ಕರೆದ. ತಟ್ಟೆ ಮುಂದಿಟ್ಟುಕೊಂಡು ಕೂತ, ತಿನ್ನಲಿಲ್ಲ.

"ಆಚಾರ್ರೆ, ಸಾಲ್ಯಾಗ ಕಬಡ್ಡಿ ಆಡ್ತಿದ್ವಿ. ನಾನು ಆ ಕಡೆ ಹೋದ್ರ ಯಾರೂ ಹಿಡೀತಿರಲಿಲ್ಲ. ಎಲ್ಲಾರೂ ದಾರಿ ಬಿಡ್ತಿದ್ರು, ನಾನು ಒಬ್ಬಾವನ ನಿಂತು ಕಬಡ್ಡಿ ಕಬಡ್ಡಿ ಅಂತ ಉಸಿರು ಕಟ್ಟಿ ವಾಪಸ್ ಬರ್ತಿದ್ದೆ. ಲೆಕ್ಕ ತಪ್ಪಿದ್ರ ಮೇಷ್ಟ್ರು ನನ್ನ ಬಾಜೂದಾವನಿಗೆ ಹೊಡೀತಿದ್ರು. ಬಸ್ಸಿನ್ಯಾಗ ನೂಕುನುಗ್ಗಲು ಇದ್ರೂ ನನ್ನ ಸುತ್ತ ಜಾಗ ಇರತೈತಿ." ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಕಾಲು ಎಲ್ಲಾರೂ ಮುಟ್ಟ್ಯಾರ್ರಿ. ಹೆಗಲ ಮ್ಯಾಲೆ ಕೈ ಹಾಕಿದಾವ ಒಬ್ಬಾನೂ ಇಲ್ಲ. ನಾಳಿಗೂ ಯಾರೂ ಕೆಡವಲಿಲ್ಲ ಅಂದ್ರ ಇನ್ಯಾವಾಗ?"

ಮೂರು ಬೆಲ್ಟಿನ ಚಾಂಪಿಯನ್ ಅಷ್ಟು ದೊಡ್ಡ ಮೈ ಹೊತ್ತು ಅಷ್ಟು ಒಂಟಿಯಾಗಿ ಕೂತಿರುವುದನ್ನು ನೋಡಿ ನಿಜವಾಗಿ ಸಂಕಟವಾಯಿತು.

ಒಳಗಿನಿಂದ ವೀರಬಸಮ್ಮ ಸೌಟು ಹಿಡಿದೇ ಬಂದಳು. "ದುರುಗೇಶಗ ಏನಂತ ಹೇಳೀರಿ ನೀವು?"

"ಹೊಡಿ ಅಂತ ಹೇಳೀನಿ. ಗದರಿಸೀನಿ. ಆಣೀನೂ ಹಾಕೀನಿ."

"ಅದಕ್ಕ ಆಗವಲ್ದು. ಅಯ್ಯನೋರು ಗದರಿದ್ರ ಭಕ್ತರು ಇನ್ನಷ್ಟು ಬಗ್ತಾರ. ಜಂಗಮರಾಗಿ ಹುಟ್ಟಿ ಗದರೋದು ಯಾಕ? ಭಿಕ್ಷಾ ಬೇಡ್ರಿ. ಜೋಳಿಗಿ ಒಡ್ಡಿದ್ರ ಇಲ್ಲ ಅನ್ನೋ ಮನಿ ಈ ಸೀಮ್ಯಾಗ ಒಂದು ಐತೇನು?" ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಉಗ್ಗಾಣಿ ಬಡಿಸಿ ಒಳಗೆ ಹೋದಳು.

ಮರುದಿನ ಆದೋನಿಯ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಚನ್ನಬಸಯ್ಯ ಮುಖಕ್ಕೆ ಬಣ್ಣ ಬಳಿಯಲೇ ಇಲ್ಲ. ಗಂಟೆ ಹೊಡೆದ ಕೂಡಲೇ ದುರುಗೇಶ ಅಭ್ಯಾಸಬಲದಿಂದ ಬಗ್ಗಿದ. ಚನ್ನಬಸಯ್ಯ ಹೆಗಲ ಮೇಲಿನ ವಸ್ತ್ರ ತೆಗೆದು, ಎರಡು ತುದಿ ಗಂಟು ಹಾಕಿ, ಜೋಳಿಗೆ ಮಾಡಿ ಅವನ ಮುಂದೆ ಒಡ್ಡಿ ನಿಂತ. ಸೋಮವಾರದ ದಿನ ಭಿಕ್ಷೆಗೆ ಭಕ್ತರ ಮನೆಯ ಬಾಗಿಲಲ್ಲಿ ನಿಲ್ಲುವ ಹಾಗೆಯೇ ನಿಂತ.

"ಭಿಕ್ಷಾ ನೀಡಪ್ಪಾ ದುರುಗೇಶ."

"ಏನು ನೀಡ್ಲಿ ಯಪ್ಪಾ?"

"ಒಂದು ಸೋಲು ನೀಡು."

ದುರುಗೇಶ ತಾಯಿಯ ಕಡೆ ತಿರುಗಿದ. ನಾನೂ ತಿರುಗಿದೆ. ಕೊಟ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ಅವಳ ಮುಖದಲ್ಲಿ ಪಾಪ ಪುಣ್ಯಗಳು ಕುಸ್ತಿ ಹಿಡಿದಿದ್ದವು. ನಮ್ಮ ಕಟ್ಟೆಯಲ್ಲಿ ಅಂಥ ಕುಸ್ತಿ ಅಲ್ಲಿಯವರೆಗೆ ಆಗಿರಲಿಲ್ಲ. ಕೊನೆಗೆ ಅವಳ ದನಿ ಬಂತು: "ನೋಡ್ತಿ ಏನು? ಬೇಡಿ ಬಂದ ಅಯ್ಯನೋರ್ನ ಬರಿಗೈಲೆ ಕಳಿಸಿದ್ರ ನೀನು ಮನಿಗೆ ಬರಬ್ಯಾಡ! ನೀಡು! ಕೈ ಬಿಗಿ ಹಿಡೀಬ್ಯಾಡ, ತುಂಬಾ ನೀಡು!"

ದುರುಗೇಶ ಅಳುತ್ತಲೇ ಎತ್ತಿದ. ಅಳುತ್ತಲೇ ಒಗೆದ. ಹಲಗೆಯ ಕಟ್ಟೆ ಗುಡುಗಿತು, ನನ್ನ ಕನ್ನಡಕ ಹಾರಿ ಬಿತ್ತು. ಚನ್ನಬಸಯ್ಯ ಎದ್ದು ಕೂತ, ಅಷ್ಟರಲ್ಲಿ ಕೊಟ್ರಮ್ಮ, "ಭಿಕ್ಷಾ ನೀಡಿದ ಮ್ಯಾಲೆ ಮತ್ತೊಂದು ಹಿಡಿ ನೀಡಬೇಕಲೋ, ಪದ್ಧತಿ ಗೊತ್ತಿಲ್ಲೇನು?" ಎಂದಳು. ದುರುಗೇಶ ಇನ್ನೊಮ್ಮೆ ಎತ್ತಿ ಒಗೆದ. ಒಗೆದವನು ಎದೆಯ ಮೇಲೆ ಕಾಲಿಡದೆ, ಇಡೀ ಮೈಯಿಂದ ಅವನ ಮೇಲೆ ಬಿದ್ದು ಎರಡೂ ಭುಜ ಅವುಚಿ ಹಿಡಿದ.

ನಾನು ಮೊಣಕಾಲೂರಿ ನೆಲ ಬಡಿದೆ. ಒಂದು. ಎರಡು. ಮೂರು. ಮೈದಾನ ಎದ್ದು ಕುಣಿಯಿತು, ಜನ ತೆಂಗಿನಕಾಯಿ ಕೆಳಗೆ ಹಾಕಿ ಸೀಟಿ ಹೊಡೆದರು. ವಾಗೀಶ ಮೂರು ಬೆಲ್ಟನ್ನೂ ಘಲಘಲ ಎನಿಸುತ್ತ ಓಡಿ ಬಂದ.

ದುರುಗೇಶ ಗಾಬರಿಯಿಂದ ಮುಖ ಎತ್ತಿದ. "ಭಾರ ಆತೇನ್ರಿ ಅಯ್ಯನೋರೆ? ಏಳ್ಲೇನು?"

ಚನ್ನಬಸಯ್ಯನ ಕಣ್ಣಿನಿಂದ ಎರಡೂ ಕಿವಿಗೆ ನೀರು ಹರಿಯುತ್ತಿತ್ತು. ಅವನು ನಗುತ್ತಿದ್ದ. ಜೋಳಿಗೆ ಬಿಟ್ಟು ಕೈ ಎತ್ತಿ ದುರುಗೇಶನ ಹೆಗಲ ಮೇಲೆ ಹಾಕಿದ.

"ಏಳಬ್ಯಾಡೋ ತಮ್ಮಾ, ಸ್ವಲ್ಪ ಇರು," ಎಂದ. ಆಮೇಲೆ ನನ್ನ ಕಡೆ ನೋಡಿದ. "ಆಚಾರ್ರೆ, ಇನ್ನೊಂದು ಸಲ ಎಣಿಸ್ರಲ್ಲ."

ಒಮ್ಮೆ ಮೂರಾದ ಮೇಲೆ ಎರಡನೆಯ ಸಲ ಎಣಿಸುವುದು ಯಾವ ನಿಯಮದಲ್ಲೂ ಇಲ್ಲ. ನಾನು ಕನ್ನಡಕ ಹುಡುಕಿ ಹಾಕಿಕೊಂಡು, ಮತ್ತೆ ಬಗ್ಗಿ, ನಿಧಾನವಾಗಿ ಒಂದರಿಂದ ಎಣಿಸಿದೆ.